ಹೊನ್ನಕ್ಕ ಸಾರಿಸಿದ ನೆಲ

ದೇವಸಮುದ್ರದಲ್ಲಿ ಯಾರ ಕಣ ಚೆನ್ನಾಗಿದೆ ಎಂದು ಈಗ ಯಾರನ್ನೇ ಕೇಳಿ, ಜಂಪಣ್ಣನ ಮನೆಯ ಹಿತ್ತಲ ಕಡೆ ಕೈ ತೋರಿಸುತ್ತಾರೆ. ಸಿಮೆಂಟಿನ ಕಣ. ಶೇಂಗಾ ಹರವಿದರೆ ಒಂದು ಕಾಯಿಗೂ ಮಣ್ಣು ಹತ್ತುವುದಿಲ್ಲ. ಮುಂದೆ ನಿಂತು ಅದನ್ನು ಹಾಕಿಸಿದವನು ನಾನು. ಕಣವನ್ನು ಹೊಗಳುವವರು ನನ್ನನ್ನೂ ಸೇರಿಸಿ ಹೊಗಳುತ್ತಾರೆ. ಆಗೆಲ್ಲ ಎದ್ದು ಹೋಗಬೇಕು ಅನ್ನಿಸುತ್ತದೆ. ಎಷ್ಟೋ ಸಲ ಕುಡಿಯುತ್ತಿದ್ದ ಚಹಾ ಬಿಟ್ಟು ಎದ್ದು ಹೋಗಿದ್ದೇನೆ.

ನಾನು ಇಲ್ಲಿನ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿದ್ದವನು. ಮೂವತ್ತೊಂದು ವರ್ಷ ಸೀಟಿ ಊದಿದ್ದೇನೆ. ಮಕ್ಕಳ ಸಾಲು ಡೊಂಕಾದರೆ, ಸುಣ್ಣದ ಗೆರೆ ಡೊಂಕಾದರೆ, ಮೈದಾನದಲ್ಲಿ ಒಂದು ಗುಂಡಿ ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ರಿಟೈರಾದ ಮೇಲೂ ಆ ಚಾಳಿ ಬಿಟ್ಟಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ಇದನ್ನು ಮೊದಲೇ ಹೇಳುವುದು ಒಳ್ಳೆಯದು, ಯಾಕೆಂದರೆ ಮುಂದೆ ನಾನು ಮಾಡಿದ ಕೆಲಸ ಈ ಗುಣದಿಂದಲೇ ಆದದ್ದು.

ಜಂಪಣ್ಣ ನನ್ನ ಪಕ್ಕದ ಮನೆಯವನು. ಇಪ್ಪತ್ತು ದಾಟುವ ಹೊತ್ತಿಗೆ ಊರಿನ ನಾಲ್ಕೈದು ಜನರ ಜೊತೆ ಗಾರೆ ಕೆಲಸಕ್ಕೆಂದು ಬೆಂಗಳೂರಿಗೆ ಹೋದ. ಅಲ್ಲಿ ಒಂದು ಗಾಲ್ಫ್ ಕ್ಲಬ್ಬಿನ ಕಾಂಪೌಂಡು ಕಟ್ಟುವಾಗ ಗೋಡೆಯ ಮೇಲಿಂದ ಒಳಗೆ ಇಣುಕಿದನಂತೆ. "ಕಣ್ಣು ಹಾಯ್ಸಿದಷ್ಟೂ ಹುಲ್ಲು ಮಾಸ್ತರೆ, ಒಂದ್ ಕುರಿ ಇಲ್ಲ! ನಮ್ಮ ಕಡೆಯೋರು ಕಂಡ್ರೆ ಎದೆ ಎದೆ ಬಡ್ಕೊಂತಾರೆ" ಎಂದು ಆ ಸುದ್ದಿಯನ್ನು ಅವನು ನನಗೆ ನೂರು ಸಲ ಹೇಳಿದ್ದಾನೆ. ಗೋಡೆ ಮುಗಿಯಿತು, ಜೊತೆಯವರು ಬೇರೆ ಕಟ್ಟಡಕ್ಕೆ ಹೋದರು, ಇವನು ಆ ಹುಲ್ಲನ್ನು ಬಿಟ್ಟು ಹೋಗಲಾರದೆ ಅಲ್ಲೇ ಕ್ಯಾಡಿಯಾಗಿ ನಿಂತುಬಿಟ್ಟ. ಆಡುವವರ ಕೋಲುಗಳ ಚೀಲ ಹೊತ್ತುಕೊಂಡು ಅವರ ಹಿಂದೆ ನಡೆಯುವ ಕೆಲಸ. ಹಾಗೆ ಇಪ್ಪತ್ತೆಂಟು ವರ್ಷ ನಡೆದ.

ಚೀಲ ಹೊರುವುದಕ್ಕೆ ಹೆಗಲಿದ್ದರೆ ಸಾಕು. ಅವನ ಹೆಸರಾದದ್ದು ಇನ್ನೊಂದು ವಿದ್ಯೆಗೆ. ಗಾಲ್ಫಿನಲ್ಲಿ ಕೊನೆಗೆ ಚೆಂಡು ಕುಳಿಯ ಹತ್ತಿರ ಬಂದಾಗ ಅದನ್ನು ಎತ್ತಿ ಹೊಡೆಯುವಂತಿಲ್ಲ, ಪಟರ್ ಎಂಬ ಚಪ್ಪಟೆ ಮೂತಿಯ ಕೋಲಿನಿಂದ ನೆಲದ ಮೇಲೆ ಉರುಳಿಸಬೇಕು. ಅಲ್ಲಿನ ಹುಲ್ಲು ಎಷ್ಟು ನುಣುಪಾಗಿದ್ದರೂ ನೆಲ ಒಂದು ಕಡೆ ಎಳೆಯುತ್ತದಂತೆ. ಯಾವ ಕಡೆ, ಎಷ್ಟು ಬೆರಳು ಎಂದು ಜಂಪಣ್ಣ ಕುಕ್ಕರಗಾಲಲ್ಲಿ ಕೂತು ನೋಡಿ ಹೇಳುತ್ತಿದ್ದ. ದೊಡ್ಡ ದೊಡ್ಡ ಸಾಹೇಬರು ಅವನ ಮಾತು ಕೇಳಿ ಹೊಡೆಯುತ್ತಿದ್ದರು. ಸೋಮವಾರ ಕ್ಲಬ್ಬಿಗೆ ರಜೆ. ಅವತ್ತು ಕ್ಯಾಡಿಗಳಿಗೆ ಆಡಲು ಬಿಡುತ್ತಿದ್ದರು. ವರ್ಷಕ್ಕೊಮ್ಮೆ ಅವರದೇ ಪಂದ್ಯವೂ ಇತ್ತು. ಅದರಲ್ಲಿ ಅವನು ಒಂದು ಸಲವೂ ಗೆಲ್ಲಲಿಲ್ಲ. ಕೊನೆಯ ವರ್ಷ ಬರೀ ಮೂರಡಿ ದೂರದ ಚೆಂಡು ಕುಳಿಯ ಅಂಚು ಸವರಿ ಆಚೆ ಹೋಯಿತು.

ಆ ಮೂರಡಿಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅವನು ಆರು ವರ್ಷದ ಹಿಂದೆ ಊರಿಗೆ ಬಂದ. ಮೊಣಕಾಲು ಚಿಪ್ಪು ಸವೆದಿತ್ತು. ಒಂದು ಟ್ರಂಕು, ಒಬ್ಬ ಹಳೆಯ ಆಟಗಾರ ಕೊಟ್ಟ ಪಟರ್, ಹದಿಮೂರು ಚೆಂಡು. ಬಸ್ಸಿನಿಂದ ಇಳಿದವನನ್ನು ನೋಡಿ ಹೆಂಡತಿ ಹೊನ್ನಕ್ಕ, "ಊರುಗೋಲೂ ತಂದವ್ನೆ ನೋಡ್ರಿ, ಪೂರ್ತಿ ಮುದುಕ ಆಗೇ ಬಂದ" ಎಂದಳು. ಇಪ್ಪತ್ತೆಂಟು ವರ್ಷ ಆಕೆ ಅತ್ತೆಯ ಜೊತೆ, ಆಮೇಲೆ ಮಗಳು ಕಾಂಚನಾಳ ಜೊತೆ, ಮಗಳು ನನ್ನಿವಾಳಕ್ಕೆ ಮದುವೆಯಾಗಿ ಹೋದ ಮೇಲೆ ಒಬ್ಬಳೇ, ಈ ಮನೆ ಮತ್ತು ಎರಡೆಕರೆ ಶೇಂಗಾ ಹೊಲ ನೋಡಿಕೊಂಡಿದ್ದಳು. ಗಂಡ ಉಗಾದಿಗೊಮ್ಮೆ, ದೀಪಾವಳಿಗೊಮ್ಮೆ ಬಂದು ಹೋಗುವ ನೆಂಟ. ನಿಜವಾಗಿ ಅವರಿಬ್ಬರ ಸಂಸಾರ ಶುರುವಾದದ್ದು ಇಬ್ಬರ ತಲೆಯೂ ನರೆತ ಮೇಲೆ.

ಆ ಸಂಸಾರ ನಡೆದದ್ದು ಹಿತ್ತಲ ಕಣದಲ್ಲಿ. ಹಿಂದೆ ಎತ್ತು ಕಟ್ಟಿ ತುಳಿಸುತ್ತಿದ್ದ ಕಾಲದ ಕಣ ಅದು. ನಡುವೆ ಎತ್ತುಗಳು ಸುತ್ತುವ ಕಂಬ, ಮೇಟಿ, ನೆಡುತ್ತಿದ್ದ ಕುಣಿ. ಮಿಶಿನ್ನು ಬಂದ ಮೇಲೆ ಮೇಟಿ ಹೋಯಿತು, ಕುಣಿ ಉಳಿಯಿತು. ಜಂಪಣ್ಣ ಅದಕ್ಕೆ ನಾಲ್ಕಿಂಚಿನ ಪೈಪಿನ ತುಂಡು ಇಳಿಸಿ ಸುತ್ತ ಮಣ್ಣು ಗಿಡಿದ. ಗಾಲ್ಫಿನ ಕುಳಿಯೂ ಹೆಚ್ಚು ಕಡಿಮೆ ಅಷ್ಟೇ ಅಗಲವಂತೆ. ಹೊನ್ನಕ್ಕನಿಗೆ ಸಿಟ್ಟು ಬಂತು. "ಮೇಟಿ ಕುಣಿಗೆ ಪೂಜೆ ಮಾಡ್ತಾರೆ, ಪೈಪು ಇಳಸ್ತಾರೇನಯ್ಯಾ?" ಎಂದು ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ತಾನೇ ಪೈಪಿನ ಸುತ್ತ ಸಾರಿಸಿ ಅರಿಶಿನ ಕುಂಕುಮ ಇಟ್ಟಳು.

ಕಣದ ಉಳಿದ ಜಾಗಕ್ಕೆ ಸಗಣಿ ಬಗ್ಗಡ ಸುರಿದು ಪೊರಕೆ ಎಳೆದರೆ ಆಯಿತು. ಮೇಟಿಯ ಸುತ್ತ ನಾಲ್ಕು ಮಾರು ಮಾತ್ರ ಕೈಯಿಂದಲೇ ಸಾರಿಸಬೇಕು, ಅದು ಆಕೆಯ ಅತ್ತೆ ಹಾಕಿಕೊಟ್ಟ ಪದ್ಧತಿ. ಹದಿನೈದು ದಿನಕ್ಕೊಂದು ಸೋಮವಾರ ಹೊನ್ನಕ್ಕ ಕುಕ್ಕರಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತ ಸಾರಿಸುತ್ತಿದ್ದಳು. ಆಕೆ ಎಡಚಿ. ಒಣಗಿದ ಮೇಲೆ ಆಕೆಯ ನಾಲ್ಕು ಬೆರಳಿನ ಗೆರೆಗಳು ಮೇಟಿ ಕುಣಿಯ ಸುತ್ತ ಕಮಾನು ಕಮಾನಾಗಿ ಕಾಣುತ್ತಿದ್ದವು. ಜಂಪಣ್ಣ ಯಾವ ಮೂಲೆಯಿಂದ ಚೆಂಡು ಉರುಳಿಸಿದರೂ ಕೊನೆಯ ಒಂದು ಗೇಣಿನಲ್ಲಿ ಅದು ಎರಡು ಬೆರಳಿನಷ್ಟು ಬಲಕ್ಕೆ ವಾಲುತ್ತಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾನು ಅವನನ್ನು ರೇಗಿಸುತ್ತಿದ್ದೆ. "ನೆಲ ಡೊಂಕಿಲ್ಲ ಮಾಸ್ತರೆ" ಅನ್ನುತ್ತಿದ್ದ ಅವನು. "ಅದು ಆಕೆ ಕೈ. ಎರಡು ಬೆರಳು ಎಡಕ್ಕೆ ಹಿಡೀಬೇಕು, ಮಿಕ್ಕಿದ್ದು ಆಕೆ ನೋಡ್ಕೊಂತಾಳೆ." ಒಮ್ಮೆ ಹೊನ್ನಕ್ಕ ಮಗಳ ಬಾಣಂತನಕ್ಕೆ ನನ್ನಿವಾಳಕ್ಕೆ ಹೋಗಿದ್ದಾಗ ಜಂಪಣ್ಣನ ಅಕ್ಕ ನಿಂಗಕ್ಕ ಬಂದು ಸಾರಿಸಿದಳು. ಅವಳದು ಬಲಗೈ. ಚೆಂಡುಗಳೆಲ್ಲ ಎಡಕ್ಕೆ ಹೋದವು. ಅವನು ಮಗುವಿನ ಹಾಗೆ ಚಪ್ಪಾಳೆ ತಟ್ಟಿ ನಕ್ಕ. ಹೊನ್ನಕ್ಕ ಬಂದವಳು ಚೀಲ ಇಳಿಸುವ ಮೊದಲೇ, "ಮೊದ್ಲು ಕಣ ಸಾರ್ಸು ತಾಯಿ, ನನ್ನ ಆಟವೆಲ್ಲ ಕೆಟ್ಟೋಗೈತೆ" ಎಂದ.

ಅವನ ಅಭ್ಯಾಸವನ್ನು ಡ್ರಿಲ್ ಮಾಸ್ತರನ ಕಣ್ಣಿನಿಂದಲೇ ನೋಡಿದ್ದೇನೆ. ಸುಳ್ಳು ಹೇಳಬಾರದು, ಅಂಥ ಶಿಸ್ತನ್ನು ನನ್ನ ಶಾಲೆಯ ಒಬ್ಬನಿಗೂ ಕಲಿಸಲು ನನ್ನಿಂದಾಗಲಿಲ್ಲ. ಮೊದಲು ಎರಡು ಬೇವಿನ ಕಡ್ಡಿ ನೆಡುವನು, ನಡುವೆ ಪಟರಿನ ಮೂತಿಗಿಂತ ಒಂದೇ ಒಂದು ಬೆರಳು ಹೆಚ್ಚಿಗೆ ಜಾಗ. ಕಡ್ಡಿಗೆ ತಾಗದಂತೆ ಕೋಲು ಹಿಂದೆ ಹೋಗಿ ಮುಂದೆ ಬರಬೇಕು, ಐವತ್ತು ಸಲ. ಆಮೇಲೆ ಕಣ್ಣು ಮುಚ್ಚಿ ಹೊಡೆದು, ಚೆಂಡು ಕುಳಿಗಿಂತ ಎಷ್ಟು ಹಿಂದೆ ನಿಂತಿತು, ಎಷ್ಟು ಮುಂದೆ ಹೋಯಿತು ಎಂದು ಕಣ್ಣು ತೆರೆಯುವ ಮೊದಲೇ ಹೇಳಬೇಕು. ಕೊನೆಗೆ ಗಡಿಯಾರ. ಕುಳಿಯ ಸುತ್ತ ಮೂರಡಿ ದೂರದಲ್ಲಿ ಹನ್ನೆರಡು ಶೇಂಗಾ ಕಾಯಿ ಇಟ್ಟು, ಒಂದೊಂದು ಕಾಯಿಯ ಹತ್ತಿರದಿಂದ ಒಂದೊಂದು ಚೆಂಡು. ಒಂದು ತಪ್ಪಿದರೂ ಮತ್ತೆ ಮೊದಲಿನಿಂದ. ಎಷ್ಟೋ ದಿನ ಹತ್ತು ಬಿದ್ದು ಹನ್ನೊಂದನೆಯದು ತಪ್ಪಿ, ಮಧ್ಯಾಹ್ನದ ಮುದ್ದೆ ಆರಿ ಕಲ್ಲಾಗುತ್ತಿತ್ತು. ಹನ್ನೆರಡೂ ಒಂದೇ ಸಲಕ್ಕೆ ಬಿದ್ದದ್ದನ್ನು ನಾನಂತೂ ನೋಡಿರಲಿಲ್ಲ.

ಹೊಡೆದ ಮೇಲೆ ತಲೆ ಎತ್ತಬಾರದು, ಅದು ಎಲ್ಲಕ್ಕಿಂತ ದೊಡ್ಡ ನಿಯಮ. ತಲೆ ಎದ್ದರೆ ಹೆಗಲು ಏಳುತ್ತದೆ, ಹೆಗಲು ಎದ್ದರೆ ಕೋಲು ತಿರುಗುತ್ತದೆ. ಆದ್ದರಿಂದ ಬಿತ್ತೋ ಇಲ್ಲವೋ ಎಂದು ಹೇಳುವ ಕೆಲಸ ಹೊನ್ನಕ್ಕನದು. ಆಕೆ ಕುಳಿಯ ಆಚೆ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತ ಕೂರುತ್ತಿದ್ದಳು. ಬಿದ್ದರೂ "ಬಿತ್ತು", ಬೀಳದಿದ್ದರೂ "ಬಿತ್ತು". ಇವನು ಸಂತೋಷದಿಂದ ತಲೆ ಎತ್ತಿ ನೋಡಿದರೆ ಚೆಂಡು ಕುಳಿಯ ಪಕ್ಕದಲ್ಲೇ ಕೂತಿರುತ್ತಿತ್ತು. ಆಕೆ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. "ಏನ್ ಮಾಡ್ಲಿ, ಬಿತ್ತು ಅಂದ್ರೆ ನಿನ್ನ ಮುಖ ಅಷ್ಟು ಅರಳ್ತೈತೆ" ಅನ್ನುವಳು.

ಹೋದ ವರ್ಷ ಸಂಕ್ರಾಂತಿಯ ಹೊತ್ತಿಗೆ ಬೆಂಗಳೂರಿನಿಂದ ಪೆದ್ದಣ್ಣ ಎಂಬ ಹಳೆಯ ಜೊತೆಗಾರ ಫೋನು ಮಾಡಿದ. ರಿಟೈರಾದ ಕ್ಯಾಡಿಗಳಿಗೆಂದೇ ಉಗಾದಿ ಕಳೆದ ಮೇಲೆ ಒಂದು ಪಂದ್ಯ, ಬರೀ ಪಟರಿನದು, ನಡೆಯುವ ಕಷ್ಟವಿಲ್ಲ, ಮನೆಯವರನ್ನೂ ಕರೆತರಬಹುದು. ಗಂಡ ಇಪ್ಪತ್ತೆಂಟು ವರ್ಷ ಎಲ್ಲಿದ್ದ, ಏನು ಮಾಡುತ್ತಿದ್ದ ಎಂದು ಹೊನ್ನಕ್ಕ ಕಣ್ಣಾರೆ ಕಂಡಿರಲಿಲ್ಲ. "ನಾನೂ ಬರ್ತೀನಿ. ಆ ಹುಲ್ಲಿನ ಮ್ಯಾಲೆ ಬರಿಗಾಲಾಗೆ ನಡೀಬೇಕು" ಎಂದಳು. ಮೊಳಕಾಲ್ಮೂರಿನ ರೇಷ್ಮೆ ಸೀರೆ, ಮಗಳ ಮದುವೆಗೆ ತಂದದ್ದು, ಟ್ರಂಕಿನಿಂದ ತೆಗೆದು ಬಿಸಿಲಿಗೆ ಹಾಕಿದಳು. ಆಕೆಯ ಕಣ್ಣೆದುರಿಗೆ ಆ ಮೂರಡಿಯನ್ನು ಗೆಲ್ಲಬೇಕು ಎಂಬುದೊಂದೇ ಜಂಪಣ್ಣನ ತಲೆಯಲ್ಲಿ ಕೂತಿತು.

ಶಿವರಾತ್ರಿಗೆ ಇನ್ನೂ ಒಂದು ವಾರ ಇತ್ತು. ಸೋಮವಾರ ಬೆಳಿಗ್ಗೆ ಹೊನ್ನಕ್ಕ ಮೇಟಿಯ ಸುತ್ತ ಸಾರಿಸಿ ಮುಗಿಸಿ, ಕೈ ತೊಳೆಯಲು ಎದ್ದವಳು ಗೋಡೆಗೆ ಒರಗಿ ಕೂತಳು. ಎದೆ ಹಿಡಿದಂತಾಗುತ್ತಿದೆ ಎಂದಳು. ನಾನೇ ಓಡಿ ಹೋಗಿ ಕಾರು ತಂದೆ. ಚಳ್ಳಕೆರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಹಿಂದಿನ ಸೀಟಿನಲ್ಲಿ ಜಂಪಣ್ಣ ಆಕೆಯ ಎಡಗೈ ಹಿಡಿದು ಕೂತಿದ್ದ. ಬಳೆಯ ಸಂದಿಯಲ್ಲಿ ಸಗಣಿ ಒಣಗಿತ್ತು. ಆ ಕೈಯನ್ನು ತೊಳೆಯಲು ಅವನು ಯಾರಿಗೂ ಬಿಡಲಿಲ್ಲ, ತಾನೇ ತೊಳೆದ. ರೇಷ್ಮೆ ಸೀರೆ ಉಡಿಸಿ ಕಳಿಸಿದರು.

ಸೂತಕ ಕಳೆಯುವ ದಿನ ಮನೆ, ಅಂಗಳ, ಕಣ ಎಲ್ಲ ಸಾರಿಸಿ ಶುದ್ಧ ಮಾಡಬೇಕು. ನಿಂಗಕ್ಕ ಸಗಣಿ ಬುಟ್ಟಿ ಹಿಡಿದು ಕಣಕ್ಕೆ ಹೋದರೆ ಜಂಪಣ್ಣ ಮೇಟಿಯ ಹತ್ತಿರ ಅಡ್ಡ ನಿಂತಿದ್ದ. "ಇಲ್ಲಿ ಬ್ಯಾಡ ಅಕ್ಕ." ನಿಂಗಕ್ಕ ಬೈದಳು. "ಸೂತಕದ ನೆಲ ಕಣೋ, ಹಂಗೇ ಬಿಡಬಾರ್ದು, ಮನೆಗೆ ಒಳ್ಳೇದಲ್ಲ!" ಅವನು ಅಲುಗಲಿಲ್ಲ. ಹೆಂಗಸರು ಗುಸುಗುಸು ಅಂದರು. ನಾನೂ ಬುದ್ಧಿ ಹೇಳಿದೆ. ಕೊನೆಗೆ ಆ ನಾಲ್ಕು ಮಾರು ಬಿಟ್ಟು ಉಳಿದದ್ದನ್ನೆಲ್ಲ ಸಾರಿಸಿದರು.

ಅದಾದ ಮೇಲೆ ಎರಡು ವಾರ ಅವನು ಪಟರ್ ಮುಟ್ಟಲಿಲ್ಲ. ಆಮೇಲೆ ಒಂದು ಸೋಮವಾರ ಮುಟ್ಟಿದ. ಆ ಸುತ್ತಿನೊಳಗೆ ಚಪ್ಪಲಿ ಹಾಕುತ್ತಿರಲಿಲ್ಲ, ಕಸ ಬಿದ್ದರೆ ಪೊರಕೆ ಆಡಿಸದೆ ಬಾಯಿಂದ ಊದುತ್ತಿದ್ದ. ಫಾಲ್ಗುಣದಲ್ಲಿ ಒಂದು ಸಂಜೆ ಮೋಡ ಕವಿದಾಗ ಟಾರ್ಪಾಲು ಎಳೆದುಕೊಂಡು ಓಡಿದ. ಕಣದಲ್ಲಿ ಒಂದು ಕಾಳೂ ಇರಲಿಲ್ಲ. ಖಾಲಿ ನೆಲಕ್ಕೆ ಟಾರ್ಪಾಲು ಹೊದಿಸಿ ನಾಲ್ಕು ಮೂಲೆಗೆ ಕಲ್ಲಿಟ್ಟ. ನಾನು ಗೋಡೆಯಾಚೆಯಿಂದ ನೋಡಿ, ದುಃಖ ಇವನ ತಲೆ ಕೆಡಿಸಿದೆ ಅಂದುಕೊಂಡೆ. ಅಷ್ಟು ನೋಡಿಯೂ ನನಗೆ ಅರ್ಥವಾಗಲಿಲ್ಲ. ಇದ್ದ ಎರಡು ಕಣ್ಣಿನಿಂದ ನಾನು ನೋಡುತ್ತಿದ್ದುದು ನೆಲದ ಬಿರುಕುಗಳನ್ನು ಮಾತ್ರ. ಸಾರಿಸಿದ್ದು ಹಳತಾಗಿ ಅಲ್ಲಲ್ಲಿ ಚಕ್ಕೆ ಏಳುತ್ತಿತ್ತು. ಸಾರಿಸುವ ಹೆಂಗಸಿಲ್ಲದ ಮನೆ, ಪಾಪ, ಹಾಳು ಬಿದ್ದ ನೆಲದ ಮೇಲೆ ಆಡುತ್ತಾನೆ ಎಂದು ಮರುಗಿದೆ.

ಉಗಾದಿ ಕಳೆಯಿತು. ಪೆದ್ದಣ್ಣ ಬಿಡದೆ ಕರೆದ. ಹೋಗಲೋ ಬೇಡವೋ ಅನ್ನುತ್ತಿದ್ದವನನ್ನು ನಾನೇ ಬಸ್ಸು ಹತ್ತಿಸಿದೆ. ನಾಲ್ಕು ದಿನ ಇದ್ದು ಬಾ ಎಂದೆ. ಬಸ್ಸು ಚಳ್ಳಕೆರೆ ಮುಟ್ಟುವಷ್ಟರಲ್ಲಿ ನನಗೆ ಆ ಯೋಚನೆ ಬಂದಿತ್ತು. ಅವನು ಬರುವುದರೊಳಗೆ ಕಣಕ್ಕೆ ಸಿಮೆಂಟು ಹಾಕಿಸಿಬಿಟ್ಟರೆ? ಒಂದೇ ಮಟ್ಟದ ನೆಲ, ಡೊಂಕಿಲ್ಲ, ಬಿರುಕಿಲ್ಲ, ಇವನು ಸಾಯುವ ತನಕ ಆಡಿಕೊಂಡಿರಬಹುದು. ಕಾಂಚನಾಳಿಗೆ ಫೋನು ಮಾಡಿದೆ. "ಅಪ್ಪಂಗೆ ಅನುಕೂಲ ಆಗೋದಾದ್ರೆ ಮಾಡಸ್ರಿ ಮಾಸ್ತರೆ, ಅವ್ವ ಇದ್ದಿದ್ರೂ ಬ್ಯಾಡ ಅಂತಿರ್ಲಿಲ್ಲ" ಎಂದು ಅತ್ತಳು. ಗಾರೆ ಕೆಲಸದ ವೀರೇಶ ಎರಡು ಆಳು ಕರೆದುಕೊಂಡು ಬಂದ. ಹಳೆಯ ಸಗಣಿ ನೆಲವನ್ನು ಗುದ್ದಲಿಯಿಂದ ಕೆರೆದು ತಿಪ್ಪೆಗೆ ಹಾಕಿದರು. ನಾನು ದಾರ ಕಟ್ಟಿ, ರಸಮಟ್ಟ ಇಟ್ಟು, ಒಂದು ಕೂದಲೆಳೆ ಏರುಪೇರಿಲ್ಲದಂತೆ ನೋಡಿಕೊಂಡೆ. ಪೈಪಿನ ಕುಳಿಯನ್ನು ಮಾತ್ರ ಜೋಪಾನವಾಗಿ ಉಳಿಸಿದೆ. ಮೂವತ್ತೊಂದು ವರ್ಷದಲ್ಲಿ ಅಷ್ಟು ಚೆನ್ನಾದ ಮೈದಾನ ನನಗೆ ಸಿಕ್ಕಿರಲಿಲ್ಲ.

ಐದನೇ ದಿನ ಬೆಳಿಗ್ಗೆ ಅವನನ್ನು ಎದುರುಗೊಳ್ಳಲು ಬಸ್ ಸ್ಟ್ಯಾಂಡಿಗೆ ಹೋದೆ. ಬಸ್ಸಿನಿಂದ ಇಳಿದವನ ಮುಖದಲ್ಲಿ ನಗು ಇತ್ತು. ಎರಡು ತಿಂಗಳ ಮೇಲೆ ಮೊದಲ ಸಲ ಅವನು ನಕ್ಕದ್ದನ್ನು ನೋಡಿ, ಗೆದ್ದೇ ಬಂದ ಅಂದುಕೊಂಡೆ.

"ಸೋತೆ ಮಾಸ್ತರೆ" ಎಂದ. "ಕೊನೇದು ಅದೇ ಮೂರಡಿ. ಬಿದ್ದಿದ್ರೆ ಕಪ್ಪು ನಂದೇ. ಎಂದಿನಂಗೆ ಎರಡು ಬೆರಳು ಎಡಕ್ಕೆ ಹಿಡಿದೆ. ಚೆಂಡು ಹಂಗೇ ಎಡಕ್ಕೇ ಹೋತು. ಎಳ್ಕೊಳ್ಳಾಕೆ ಅಲ್ಲಿ ಆಕೆ ಕೈ ಎಲ್ಲೈತೆ? ಎಲ್ರೂ ಅಯ್ಯೋ ಅಂದ್ರು, ನಂಗೆ ಮಾತ್ರ ನಗು ಬಂತು ನೋಡ್ರಿ. ಅಷ್ಟು ದೂರ ಹೋದ್ರೂ ನನ್ನ ಕೈ ಮಾತ್ರ ಆಕೇನೇ ನಂಬ್ಕಂಡೈತೆ." ಚೀಲವನ್ನು ಹೆಗಲು ಬದಲಾಯಿಸಿಕೊಂಡ. "ಇನ್ನ ಎಲ್ಲಿಗೂ ಹೋಗಲ್ಲ ಮಾಸ್ತರೆ. ಆ ಕಣದಾಗೆ ಆಕೆ ಬೆರಳು ಇನ್ನೂ ಐದಾರು ತಿಂಗಳು ಇರ್ತಾವೆ. ಮಳೆಗಾಲಕ್ಕೆ ಮ್ಯಾಲೆ ಒಂದು ತಗಡಿನ ಚಪ್ಪರ ಹಾಕಿದ್ರೆ ಇನ್ನೂ ಒಂದು ವರ್ಷ ಇರ್ತಾವೆ. ನಂಗೆ ಅಷ್ಟು ಸಾಕು."

ಬಸ್ ಸ್ಟ್ಯಾಂಡಿನಿಂದ ಮನೆಗೆ ಹತ್ತು ನಿಮಿಷದ ದಾರಿ. ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಹತ್ತು ನಿಮಿಷವೂ ಅವನ ಹಿಂದೆ ನಡೆದೆ. ಅವನು ಚಪ್ಪರಕ್ಕೆ ಎಷ್ಟು ತಗಡು ಬೇಕಾಗುತ್ತದೆ ಎಂದು ಹೇಳುತ್ತ ಮುಂದೆ ಮುಂದೆ ನಡೆದ. ಮೊಣಕಾಲು ನೋವು ಅವತ್ತು ಅವನಿಗೆ ನೆನಪಿರಲಿಲ್ಲ.

ಕಣದಲ್ಲಿ ನಿಂಗಕ್ಕ ಸಿಮೆಂಟಿನ ಮೇಲೆ ಹಾಸಿದ್ದ ಗೋಣಿತಾಟಿಗೆ ನೀರು ಚಿಮುಕಿಸುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಆಮೇಲೆ ಹೋಗಿ ಒಂದು ಗೋಣಿತಾಟು ಎತ್ತಿ ನೋಡಿದ, ಮತ್ತೆ ಹಾಗೇ ಮುಚ್ಚಿದ. "ಕೆರೆದಿದ್ದು ಎಲ್ಲಿ ಹಾಕಿದ್ರಿ?" ಎಂದು ಕೇಳಿದ. ನಾನು ತಿಪ್ಪೆ ತೋರಿಸಿದೆ. ಅದರ ಮೇಲೆ ನಾಲ್ಕು ದಿನದ ಬೂದಿ, ಗಂಜಲ, ಕುರಿ ಹಿಕ್ಕೆ ಬಿದ್ದಿತ್ತು. ತಿಪ್ಪೆಯ ಅಂಚಿನಲ್ಲಿ ಅವನು ಬಹಳ ಹೊತ್ತು ನಿಂತಿದ್ದ. ಬಗ್ಗಿ ಕೆದಕಲಿಲ್ಲ. ವಾಪಸು ಬಂದು, "ಚೆನ್ನಾಗಿ ಹಾಕ್ಸಿದೀರಿ ಮಾಸ್ತರೆ" ಎಂದ. ಅವನು ನನ್ನನ್ನು ಬೈಯಬೇಕಿತ್ತು, ಕೊರಳಪಟ್ಟಿ ಹಿಡಿಯಬೇಕಿತ್ತು. ಒಳಗೆ ಹೋಗಿ ನನಗೆ ನೀರು ತಂದುಕೊಟ್ಟ.

ಮೂರು ವಾರ ಕಳೆದ ಮೇಲೆ ಒಂದು ಸೋಮವಾರ ನಾನು ಅವನ ಮನೆಗೆ ಹೋದೆ. ಕ್ಷಮೆ ಕೇಳಲೆಂದೇ ಹೋದದ್ದು. ಬಾಯಿಂದ ಬಂದದ್ದು ಮಾತ್ರ, "ಒಂದ್ಸಲ ಹೊಡೆದು ನೋಡು ಜಂಪಣ್ಣ" ಎಂದು. ನನ್ನ ಬಾಯಿಗೆ ಬೆಂಕಿ ಬೀಳ. ಅವನು ಇಲ್ಲ ಅನ್ನಲಿಲ್ಲ. ಪಟರ್ ತಂದ, ಹನ್ನೆರಡು ಶೇಂಗಾ ಕಾಯಿ ಸುತ್ತ ಇಟ್ಟ, ಒಂದೊಂದರ ಪಕ್ಕ ಒಂದೊಂದು ಚೆಂಡು. ನಾನು ಕುಳಿಯ ಆಚೆ, ಹೊನ್ನಕ್ಕ ಕೂರುತ್ತಿದ್ದ ಕಡೆ ಕೂತೆ.

ಕೈಯಲ್ಲಿ ಉಳಿದಿದ್ದ ಹದಿಮೂರನೆಯ ಚೆಂಡನ್ನು ಮೊದಲು ಹೊಡೆದ. ಎರಡು ಬೆರಳು ಎಡಕ್ಕೆ ಹಿಡಿದಿದ್ದ. ಚೆಂಡು ಎರಡು ಬೆರಳು ಎಡಕ್ಕೇ ಹೋಗಿ ಗೋಡೆ ಮುಟ್ಟಿತು. ಅವನು ಸ್ವಲ್ಪ ಹೊತ್ತು ಕೋಲಿನ ಮೂತಿಯನ್ನೇ ನೋಡುತ್ತ ನಿಂತ. ಆಮೇಲೆ ಕಾಲು ಸರಿಸಿ, ಕುಳಿಗೆ ನೇರವಾಗಿ ಹಿಡಿದ.

ಒಂದು ಬಿತ್ತು. ಎರಡು ಬಿತ್ತು. ನನ್ನ ರಸಮಟ್ಟದ ನೆಲ ಯಾವುದನ್ನೂ ಎಳೆಯಲಿಲ್ಲ, ಯಾವುದನ್ನೂ ತಡೆಯಲಿಲ್ಲ. ಏಳು, ಎಂಟು. ಪೈಪಿನೊಳಗೆ ಟಕ್ಕೆಂದು ಬೀಳುವ ಸದ್ದು ಬಿಟ್ಟರೆ ಕಣದಲ್ಲಿ ಬೇರೆ ಸದ್ದಿರಲಿಲ್ಲ. ತುಂಬಿದ ಪೈಪನ್ನು ನಾನು ಎರಡು ಸಲ ಖಾಲಿ ಮಾಡಿದೆ. ಹತ್ತು, ಹನ್ನೊಂದು. ಐದು ವರ್ಷದಲ್ಲಿ ಒಮ್ಮೆಯೂ ಆಗದಿದ್ದದ್ದು ಮೊದಲ ಸಲಕ್ಕೇ ಆಯಿತು. ಹನ್ನೆರಡನೆಯದೂ ಬಿತ್ತು.

ಅವನು ತಲೆ ಎತ್ತಲಿಲ್ಲ. ಕೋಲು ಹಿಡಿದು, ಬಗ್ಗಿ, ನೆಲ ನೋಡುತ್ತ ಹಾಗೇ ನಿಂತಿದ್ದ. ಏನನ್ನು ಕಾಯುತ್ತಿದ್ದಾನೆ ಎಂದು ನನಗೆ ತಿಳಿಯಿತು. ಆ ಮಾತು ಹೇಳುವ ಯೋಗ್ಯತೆ ನನಗಿರಲಿಲ್ಲ, ಆದರೆ ಅಲ್ಲಿ ನಾನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

"ಬಿತ್ತು ಜಂಪಣ್ಣ" ಎಂದೆ.

"ಬೀಳಬಾರ್ದಿತ್ತು ಮಾಸ್ತರೆ" ಎಂದ ಅವನು, ತಲೆ ಎತ್ತದೆಯೇ.